ರಿಪೋರ್ಟಿನ ಒಂದು ಅಂಕಿ ಮತ್ತು ಬಿಳಿ ರಕ್ತಕಣಗಳ ಕೆಲಸ

ಮುಧೋಳ, ಜಮಖಂಡಿ ಭಾಗದ ಹೊಲಗಳ ಬದುವಿನಲ್ಲಿ ನಡೆಯುವವರ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದಾಗ ಅದರೊಂದಿಗೆ ಬ್ಯಾಕ್ಟೀರಿಯಾಗಳೂ ಒಳಹೋಗುತ್ತವೆ. ಗಾಯಗೊಂಡ ಜಾಗದಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳಿಂದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹರಿಯುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ನಾಳದ ಒಳಗೋಡೆಗೆ ಅಂಟಿಕೊಂಡು, ಕೋಶಗಳ ಸಂದಿಯಲ್ಲಿ ಹೊರನುಸುಳಿ, ಕೆಲವೇ ತಾಸುಗಳಲ್ಲಿ ಮುಳ್ಳಿನ ಸುತ್ತ ನೆರೆದು ಬ್ಯಾಕ್ಟೀರಿಯಾಗಳನ್ನು ನುಂಗತೊಡಗುತ್ತವೆ. ಆಮೇಲೆ ಕಾಣುವ ಕೀವಿನಲ್ಲಿ ಬಹುಪಾಲು ಹೀಗೆ ಕಾದಾಡಿ ಸತ್ತ ನ್ಯೂಟ್ರೋಫಿಲ್‌ಗಳೇ ಇರುತ್ತವೆ. ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕೋವ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಗಳಿಗೆ ಮುಳ್ಳು ಚುಚ್ಚಿ, ಮರುದಿನ ಅದನ್ನು ಚಲಿಸುವ ಕೋಶಗಳು ಸುತ್ತುವರಿದಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1908ರ ನೊಬೆಲ್ ಪ್ರಶಸ್ತಿಯನ್ನು ಅವರೊಂದಿಗೆ ಹಂಚಿಕೊಂಡ ಪಾಲ್ ಎರ್ಲಿಕ್, ರಕ್ತಕಣಗಳಿಗೆ ಬಣ್ಣ ಹಾಕಿ ಬಗೆಬಗೆಯಾಗಿ ಗುರುತಿಸುವ ವಿಧಾನಕ್ಕೆ ತಳಹದಿ ಹಾಕಿದವರು.

ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳ ಕೆಲಸ ಬೇರೆ. ಅವುಗಳಲ್ಲಿ ಕೆಲವು ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯಗಳೆಂಬ ಪ್ರೋಟೀನ್‌ಗಳನ್ನು ತಯಾರಿಸಿದರೆ, ಕೆಲವು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುತ್ತವೆ, ಇನ್ನು ಕೆಲವು ಒಮ್ಮೆ ಎದುರಿಸಿದ ರೋಗಾಣುವಿನ ನೆನಪನ್ನು ವರ್ಷಗಟ್ಟಲೆ ಉಳಿಸಿಕೊಳ್ಳುತ್ತವೆ. ಲಸಿಕೆ ನಿಂತಿರುವುದು ಈ ನೆನಪಿನ ಮೇಲೆಯೇ. ಇಯೋಸಿನೋಫಿಲ್ ಎಂಬ ಮತ್ತೊಂದು ಬಗೆಯ ಬಿಳಿ ಕಣಗಳು ಜಂತುಹುಳು ಮತ್ತು ಅಲರ್ಜಿಗಳಲ್ಲಿ ಹೆಚ್ಚುತ್ತವೆ.

ನಮ್ಮ ಲ್ಯಾಬಿಗೆ ಬರುವವರು ಹೆಚ್ಚಾಗಿ ಕೇಳುವುದು ಒಂದೇ ಅಂಕಿಯ ಬಗ್ಗೆ: “ಬಿಳಿ ಕಣ ಹೆಚ್ಚಾಗ್ಯಾವಂತ್ರಿ, ಏನ್ ಆಗೇತ್ರಿ?” ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಇರಬೇಕೆಂಬುದು ನಿಜ. ಆದರೆ ರಕ್ತನಾಳಗಳಲ್ಲಿರುವ ನ್ಯೂಟ್ರೋಫಿಲ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಯಾವಾಗಲೂ ಗೋಡೆಗಂಟಿಯೇ ಇರುತ್ತವೆ, ಸೂಜಿಯಿಂದ ತೆಗೆದ ರಕ್ತದಲ್ಲಿ ಅವು ಎಣಿಕೆಗೆ ಸಿಗುವುದಿಲ್ಲ. ಕಷ್ಟದ ದುಡಿಮೆ, ಗಾಬರಿ ಅಥವಾ ಕೀಲುನೋವಿಗೆಂದು ಚುಚ್ಚಿಸಿಕೊಂಡ ಸ್ಟೀರಾಯ್ಡ್‌ನಿಂದ ಅವು ಗೋಡೆ ಬಿಟ್ಟು ಹರಿವಿಗೆ ಸೇರಿದಾಗ, ಸೋಂಕಿಲ್ಲದೆಯೂ ಎಣಿಕೆ ಏರುತ್ತದೆ. ಸ್ಟೀರಾಯ್ಡ್‌ನ ವಿಷಯದಲ್ಲಿ ನನಗೆ ಹೆಚ್ಚು ಕಳವಳ: ಕಾಗದದ ಮೇಲೆ ಕಣಗಳು ಹೆಚ್ಚಿ ಕಾಣುವ ಹೊತ್ತಿನಲ್ಲೇ, ಅವು ನಾಳದಿಂದ ಹೊರಬಂದು ಸೋಂಕಿನ ಜಾಗ ತಲುಪುವ ಶಕ್ತಿ ಕುಗ್ಗಿರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಎಣಿಕೆ ಸರಿಯಾಗಿದ್ದರೂ ನ್ಯೂಟ್ರೋಫಿಲ್‌ಗಳು ಚುರುಕಾಗಿ ಕೆಲಸ ಮಾಡುವುದಿಲ್ಲ. ಅವರ ಕಾಲಿನ ಗಾಯ ಬೇಗ ಮಾಯದಿರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಒಟ್ಟು ಎಣಿಕೆಗಿಂತ ಅದರ ಕೆಳಗೆ ಯಾವ ಬಗೆಯ ಬಿಳಿ ಕಣ ಎಷ್ಟಿದೆ ಎಂದು ತೋರಿಸುವ ಶೇಕಡಾವಾರು ವಿವರವನ್ನೂ, ಗಾಜಿನ ಮೇಲೆ ಸವರಿ ಬಣ್ಣ ಹಾಕಿದ ರಕ್ತದಲ್ಲಿ ಕಣಗಳು ಹೇಗೆ ಕಾಣುತ್ತವೆ ಎಂಬುದನ್ನೂ ನಾವು ಹೆಚ್ಚು ನಂಬುತ್ತೇವೆ. ಬ್ಯಾಕ್ಟೀರಿಯಾದ ತೀವ್ರ ಸೋಂಕಿನಲ್ಲಿ, ಮೂಳೆಯೊಳಗೆ ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆ ಇನ್ನೂ ಬಲಿಯದ ನ್ಯೂಟ್ರೋಫಿಲ್‌ಗಳನ್ನೂ ರಕ್ತಕ್ಕೆ ಕಳಿಸಿರುತ್ತದೆ. ಅನುಭವಿ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ. ಡೆಂಗ್ಯೂ ಜ್ವರದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಬಿಳಿ ಕಣಗಳೇ ಇಳಿಯುತ್ತವೆ, ಹಲವು ಬಾರಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುವುದಕ್ಕಿಂತ ಮೊದಲೇ. ಮಳೆಗಾಲದಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಸಾಲನ್ನಷ್ಟೇ ನೋಡುವುದರಿಂದ ಈ ಮುನ್ಸೂಚನೆ ಕಣ್ತಪ್ಪುತ್ತದೆ.

ಅತ್ಯಂತ ಎಚ್ಚರಿಕೆ ಬೇಕಾದದ್ದು ಕ್ಯಾನ್ಸರ್ ಚಿಕಿತ್ಸೆ ಪಡೆದು ಊರಿಗೆ ಮರಳಿದವರಲ್ಲಿ. ನ್ಯೂಟ್ರೋಫಿಲ್ ರಕ್ತದಲ್ಲಿ ಇರುವುದು ತಾಸುಗಳ ಲೆಕ್ಕದಲ್ಲಿ. ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿಯಷ್ಟು ಹೊಸದಾಗಿ ತಯಾರಿಸುತ್ತಿದ್ದರಷ್ಟೇ ಅದರ ಪೂರೈಕೆ ನಿಲ್ಲುವುದಿಲ್ಲ. ಕ್ಯಾನ್ಸರ್‌ಗೆ ಕೊಡುವ ಕೀಮೋಥೆರಪಿ ಔಷಧಗಳಿಂದ ಈ ಉತ್ಪಾದನೆ ಕುಂಠಿತವಾಗಿ, ಸಾಮಾನ್ಯವಾಗಿ ಎರಡನೆಯ ವಾರದ ಹೊತ್ತಿಗೆ ಎಣಿಕೆ ತೀರ ಕೆಳಗಿಳಿಯುತ್ತದೆ. ಒಟ್ಟು ಕಣ 1,200, ಅದರಲ್ಲಿ ನ್ಯೂಟ್ರೋಫಿಲ್ ಶೇ. 30 ಇದ್ದರೆ ನಿಜವಾಗಿ ಉಳಿದದ್ದು 360. ಈ ಸಂಖ್ಯೆ 500ಕ್ಕಿಂತ ಕಡಿಮೆಯಿದ್ದಾಗ ಕೀವು ಕಟ್ಟುವುದಕ್ಕೂ ಕಣಗಳು ಸಾಲುವುದಿಲ್ಲ. ಬಾವು, ಕೆಂಪು ಏನೂ ಕಾಣದೆ ಜ್ವರವೊಂದೇ ಸೋಂಕಿನ ಸುಳಿವಾಗಿರಬಹುದು. ಅಂಥವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗುವವರೆಗೆ ಕಾಯಬಾರದು. ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ದು, ಕೀಮೋ ಕೊಟ್ಟ ದಿನಾಂಕವನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ತಿಳಿಸಬೇಕು.