ಲೈಬ್ರರಿ ಚಿಕ್ಕದಾಯ್ತು, ರ‍್ಯಾಮ್ ಎಲ್ಲಿ ಹೋಯ್ತು?

ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಂಪನಿಗಳ ಹುಡುಗರು ಬೋರ್ಡ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ದೂರು. "ಸರ್, ನ್ಯೂಲಿಬ್ ತೆಗೆದು ನ್ಯೂಲಿಬ್-ನ್ಯಾನೊ ಹಾಕಿದ್ವಿ. ಸೈಜ್ ಎಷ್ಟು ಕಮ್ಮಿ ಆಯ್ತು ನೋಡಿ. ಆದ್ರೂ ಹ್ಯಾಂಗ್ ಆಗ್ತಿದೆ."

ನ್ಯೂಲಿಬ್ ಅಂದರೆ ಸಣ್ಣ ಚಿಪ್‌ಗಳಿಗೆ ಬಳಸುವ ಸಿ ಲೈಬ್ರರಿ, ನ್ಯಾನೊ ಅದರ ಚಿಕ್ಕ ರೂಪ. ಕಮ್ಮಿ ಆಗಿದ್ದು ಮುಖ್ಯವಾಗಿ ಫ್ಲ್ಯಾಶ್, ಅಂದರೆ ಪ್ರೋಗ್ರಾಂ ಕೂರುವ ಜಾಗ. ಹ್ಯಾಂಗ್ ಆಗ್ತಿರೋದು ರ‍್ಯಾಮ್‌ನಿಂದ, ಅಂದರೆ ಪ್ರೋಗ್ರಾಂ ಓಡುವಾಗ ಬಳಸುವ ಜಾಗದಿಂದ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಎಸ್‌ಟಿಎಂ32ಎಫ್103ಸಿ8 ಅನ್ನೋ ಮೈಕ್ರೊಕಂಟ್ರೋಲರ್ ಚಿಪ್ ತಗೊಳ್ಳಿ. ಫ್ಲ್ಯಾಶ್ 64 ಕೆಬಿ, ರ‍್ಯಾಮ್ 20 ಕೆಬಿ. ಬಿಲ್ಡ್ ಮುಗಿದ ಮೇಲೆ ಟೆಕ್ಸ್ಟ್, ಡೇಟಾ, ಬಿಎಸ್‌ಎಸ್ ಅಂತ ಮೂರು ಅಂಕಿ ಬರುತ್ತವೆ. ಟೆಕ್ಸ್ಟ್ ಅಂದರೆ ಕೋಡ್; ಡೇಟಾ, ಬಿಎಸ್‌ಎಸ್ ಅಂದರೆ ರ‍್ಯಾಮ್‌ನಲ್ಲಿ ಕಾಯಂ ಕೂರುವ ವೇರಿಯಬಲ್‌ಗಳು. ಡೇಟಾ, ಬಿಎಸ್‌ಎಸ್ ಕೂಡಿಸಿದರೆ 9 ಕೆಬಿ ಬಂತು ಅಂತಿಟ್ಟುಕೊಳ್ಳಿ. "ಇನ್ನೂ 11 ಕೆಬಿ ಖಾಲಿ ಇದೆ" ಅಂತ ಹುಡುಗರು ಖುಷಿಪಡುತ್ತಾರೆ. ಅದು ಖಾಲಿ ಅಲ್ಲ. ಕೆಳಗಿನಿಂದ ಹೀಪ್ (ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಜಾಗ) ಮೇಲಕ್ಕೆ ಬೆಳೆಯುತ್ತದೆ, ಮೇಲಿನಿಂದ ಸ್ಟ್ಯಾಕ್ (ಫಂಕ್ಷನ್‌ಗಳ ಲೋಕಲ್ ವೇರಿಯಬಲ್ ಕೂರುವ ಜಾಗ) ಕೆಳಕ್ಕೆ ಇಳಿಯುತ್ತದೆ. ನಡುವೆ ಬದು ಹಾಕಿಲ್ಲದ ಗದ್ದೆ ಅದು. ಹೀಪ್ ಏರುವಾಗ ತಡೆಯಲು, ಅದಕ್ಕೆ ಜಾಗ ಕೊಡುವ ಎಸ್‌ಬಿಆರ್‌ಕೆ ಫಂಕ್ಷನ್ನಿನಲ್ಲಿ ಒಂದು ಪರೀಕ್ಷೆ ಇರಬಹುದು. ಸ್ಟ್ಯಾಕ್ ಇಳಿಯುವಾಗ ತಡೆಯುವವರು ಯಾರೂ ಇಲ್ಲ. ಅದು ಸುಮ್ನೆ ನಿಮ್ಮ ವೇರಿಯಬಲ್ ಮೇಲೆ ಬರೆದುಕೊಂಡು ಹೋಗುತ್ತದೆ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ. ಆ ಮೂರು ಅಂಕಿಗಳಲ್ಲಿ ಇದ್ಯಾವುದೂ ಕಾಣುವುದೇ ಇಲ್ಲ.

ಪಾಂಡವಪುರದ ಕಡೆ ಕಬ್ಬಿನ ಗದ್ದೆಗಳಿಗೆ ಒಂದು ಕಂಪನಿ ಮೊಬೈಲ್ ಸ್ಟಾರ್ಟರ್ ಹಾಕಿತ್ತು. ಕರೆಂಟ್ ಬಂದ ಕೂಡಲೇ ಮೂರೂ ಫೇಸ್‌ನ ವೋಲ್ಟೇಜ್ ಎಸ್‌ಎಂಎಸ್ ಬರಬೇಕು, ರೈತರು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗಬೇಕು. ಟೇಬಲ್ ಮೇಲೆ ಯಾವತ್ತೂ ಕೈಕೊಡಲಿಲ್ಲ. ಗದ್ದೆಯಲ್ಲಿ ರಾತ್ರಿ ಹೊತ್ತು ಸಾಯುತ್ತಿತ್ತು. ಅಲ್ಲಿನ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: "ಕರೆಂಟ್ ಬಂದ ತಕ್ಷಣ ಫೋನ್ ಮಾಡುದ್ರೆ ನಿಮ್ ಪೆಟ್ಗೆ ಕೆಟ್ಟೋಯ್ತದೆ ಕಣಪ್ಪ. ಆಮೇಕೆ ಮಾಡುದ್ರೆ ಏನೂ ಆಗಕಿಲ್ಲ." ಅದಕ್ಕಿಂತ ಒಳ್ಳೆ ಬಗ್ ರಿಪೋರ್ಟ್ ನಾನು ನೋಡಿಲ್ಲ!

ಕೋಡ್ ತೆರೆದರೆ, ಎಸ್‌ಎಂಎಸ್ ತಯಾರಿಸುವ ಫಂಕ್ಷನ್ ಒಳಗೆ 2 ಕೆಬಿಯ ಲೋಕಲ್ ಬಫರ್. ಎಸ್‌ಎಂಎಸ್ ಇರೋದೇ 160 ಅಕ್ಷರ, ಅಲ್ವಾ? ಅದರೊಳಗೆ ಫ್ಲೋಟ್ (ದಶಮಾಂಶ ಸಂಖ್ಯೆ) ಹಾಕಿ ಎಸ್‌ಪ್ರಿಂಟ್‌ಎಫ್, ಅಂದರೆ ಅಂಕಿಯನ್ನು ಅಕ್ಷರವಾಗಿ ಬರೆಯುವ ಫಂಕ್ಷನ್. ಅದು ನಡೆಯುತ್ತಿರುವಾಗಲೇ ಕಾಲ್ ಬಂದರೆ, ಸೀರಿಯಲ್ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ನುಗ್ಗುವ ಕೋಡ್) ಒಳಗೆ ಮತ್ತೊಂದು ದೊಡ್ಡ ಬಫರ್, ಮತ್ತೊಂದು ಎಸ್‌ಪ್ರಿಂಟ್‌ಎಫ್. ಎಲ್ಲವೂ ಒಂದೇ ಸ್ಟ್ಯಾಕ್ ಮೇಲೆ. ಎರಡೂ ಒಟ್ಟಿಗೆ ಬಿದ್ದಾಗ ಮಾತ್ರ ಸ್ಟ್ಯಾಕ್ ತೀರಾ ಕೆಳಗಿಳಿದು, ಮೋಟರ್ ಆನ್ ಇದೆಯೋ ಆಫ್ ಇದೆಯೋ ಅಂತ ನೆನಪಿಡುವ ಫ್ಲ್ಯಾಗ್ ಅಳಿಸಿಹೋಗುತ್ತಿತ್ತು. ಲೈಬ್ರರಿ ಬದಲಾಯಿಸಿದ್ದರಿಂದ ಇದಕ್ಕೆ ಏನೂ ಆಗುವಂತಿರಲಿಲ್ಲ.

ಲೈಬ್ರರಿಯದ್ದು ಏನೂ ಪಾತ್ರವಿಲ್ಲ ಅಂತಲ್ಲ. ನ್ಯೂಲಿಬ್‌ನಲ್ಲಿ ಮೊದಲ ಪ್ರಿಂಟ್‌ಎಫ್ ಕರೆದಾಗ ಅದು ಔಟ್‌ಪುಟ್ ಬಫರ್‌ಗೆ ಅಂತ ನಿಮ್ಮನ್ನು ಕೇಳದೆ ಮ್ಯಾಲಕ್ ಮಾಡುತ್ತದೆ, ಅಂದರೆ ಹೀಪ್‌ನಿಂದ ಜಾಗ ತಗೊಳ್ಳುತ್ತದೆ, ಸಾಮಾನ್ಯವಾಗಿ 1024 ಬೈಟ್. ಸೆಟ್‌ವಿಬಫ್ ಕರೆದು ಬಫರ್ ಬೇಡ ಅಂದರೆ ಅಷ್ಟು ಜಾಗ ಉಳಿತಾಯವಾಗುತ್ತದೆ. ಫ್ಲೋಟ್ ಪ್ರಿಂಟ್ ಮಾಡುವಾಗಲೂ ಒಳಗೆ ಮ್ಯಾಲಕ್ ನಡೆಯುತ್ತದೆ, ನ್ಯಾನೊದಲ್ಲೂ. ಇಂಟರಪ್ಟ್ ಒಳಗೆ ಅದನ್ನು ಮಾಡಲೇಬೇಡಿ. ವೋಲ್ಟೇಜನ್ನು ಹತ್ತರಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, ಪ್ರಿಂಟ್ ಮಾಡುವಾಗ ಚುಕ್ಕೆ ಹಾಕಿ, ಮುಗೀತು. ಪಿಕೋಲಿಬ್‌ಸಿ ಅನ್ನೋ ಇನ್ನೊಂದು ಲೈಬ್ರರಿಯ ಪ್ರಿಂಟ್‌ಎಫ್‌ಗೆ ಮ್ಯಾಲಕ್ ಬೇಕಿಲ್ಲ. ಹೊಸ ಪ್ರಾಜೆಕ್ಟ್ ಆದರೆ ನಾನು ಅದನ್ನೇ ಮೊದಲು ನೋಡಿ ಅನ್ನುತ್ತೇನೆ. ಆದರೆ ನಡೆಯುತ್ತಿರುವ ಪ್ರಾಡಕ್ಟ್‌ನಲ್ಲಿ ಬದಲಾಯಿಸುವ ಮುಂಚೆ ಪೂರ್ತಿ ಟೆಸ್ಟ್ ಮಾಡಿ.

ಸ್ಟ್ಯಾಕ್ ಎಷ್ಟು ಬೇಕು ಅಂತ ಒಂದೇ ಅಂಕಿ ಹೇಳೋಕೆ ನನ್ನಿಂದಾಗಲ್ಲ. ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಅದು ಬೇರೆ. ಅಳೆಯಬಹುದು. ಬೋರ್ಡ್ ಶುರುವಾಗುವಾಗಲೇ ಖಾಲಿ ರ‍್ಯಾಮ್ ತುಂಬಾ 0ಎಕ್ಸ್‌ಎ5 ಅನ್ನೋ ಅಂಕಿಯನ್ನು ಗುರುತಾಗಿ ಬರೆಯಿರಿ. ಅದನ್ನು ಗದ್ದೆಯಲ್ಲೇ ಓಡಲು ಬಿಡಿ, ಕರೆಂಟ್ ಹೋಗಿ ಬರಲಿ, ಆಗಲೇ ಮಿಸ್ಡ್ ಕಾಲ್ ಕೊಡಿ. ಆಮೇಲೆ ಎಲ್ಲಿಯವರೆಗೆ ಎ5 ಉಳಿದಿದೆ ನೋಡಿ. ಜಿಸಿಸಿ ಕಂಪೈಲರ್‌ನ ಸ್ಟ್ಯಾಕ್-ಯೂಸೇಜ್ ಆಯ್ಕೆ ಹಾಕಿದರೆ ಪ್ರತಿ ಫಂಕ್ಷನ್ ಎಷ್ಟು ನುಂಗುತ್ತದೆ ಅಂತ ಬರೆದುಕೊಡುತ್ತದೆ. ಆ ಫೈಲ್ ಮತ್ತು ಯಾವುದು ಎಲ್ಲಿ ಕೂತಿದೆ ಅಂತ ತೋರಿಸುವ ಮ್ಯಾಪ್ ಫೈಲ್ ಎರಡನ್ನೂ ಓದಿಕೊಂಡು ನನ್ನ ಹತ್ತಿರ ಬನ್ನಿ. ಅರ್ಧದಷ್ಟು ಜನಕ್ಕೆ ಆಮೇಲೆ ಬರುವ ಕೆಲಸವೇ ಇರುವುದಿಲ್ಲ.