ಮಾರ್ಚ್ ಯಾವಾಗ ನುಡಿಸಬಾರದು? ಇಂಡಿಯಾನಾ ಜೋನ್ಸ್ ಗೇಮ್‌ಗಳ ಸಂಗೀತದ ಟಿಪ್ಪಣಿ

ಇಂಡಿಯಾನಾ ಜೋನ್ಸ್ ಗೇಮ್‌ಗೆ ಸಂಗೀತ ಬರೆಯುವವರಿಗೆ ಆ ಸಿನಿಮಾಗಳ ಸಂಯೋಜಕ ಜಾನ್ ವಿಲಿಯಮ್ಸ್ ಶೈಲಿ ಬರಲೇಬೇಕು. ಅದು ಸುಲಭವಲ್ಲ, ಆದರೆ ಸ್ಕೋರ್ (ಸ್ವರಗಳನ್ನು ಬರೆದ ಹಾಳೆ) ಮುಂದೆ ಇಟ್ಟುಕೊಂಡು ಕೂತರೆ ಕಲಿಯಬಹುದು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಸಿನಿಮಾದಲ್ಲಿ ಸಂಗೀತ ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಸಂಯೋಜಕ ಸೆಕೆಂಡ್ ಲೆಕ್ಕದಲ್ಲಿ ಗೊತ್ತುಮಾಡುತ್ತಾನೆ. ಗೇಮ್‌ನಲ್ಲಿ ಅದು ಆಟಗಾರನ ಕೈಯಲ್ಲಿರುತ್ತದೆ. ಈ ಟಿಪ್ಪಣಿ ಅದರ ಬಗ್ಗೆಯೇ.

ಮೊದಲು ಸಿನಿಮಾ

1981ರ 'ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್' ಶುರುವಾಗುವುದು ಪೆರುವಿನ ಕಾಡಿನಲ್ಲಿ. ಹೆಸರುಗಳು ಬರುವಾಗ ನಮಗೆ ಗೊತ್ತಿರುವ ಆ ಪ್ರಸಿದ್ಧ ಮಾರ್ಚ್, ಅಂದರೆ ಹೆಜ್ಜೆ ಹಾಕುವ ನಡೆಯ ಇಂಡಿಯ ಗುರುತಿನ ರಾಗ, ಕೇಳಿಸುವುದೇ ಇಲ್ಲ. ಬರೀ ಅನುಮಾನ ಹುಟ್ಟಿಸುವ ಮಂದ್ರ ಸ್ವರಗಳು. ಗುಡಿ, ಚಿನ್ನದ ವಿಗ್ರಹ, ಉರುಳಿಬರುವ ಬಂಡೆ, ಎಲ್ಲ ಮುಗಿದು ಇಂಡಿ ಓಡಿಹೋಗಿ ಬಳ್ಳಿ ಹಿಡಿದು ವಿಮಾನದ ಕಡೆ ಜಿಗಿಯುತ್ತಾನಲ್ಲ, ಆಗ ಟ್ರಂಪೆಟ್ ಬರುತ್ತದೆ. ನಾಯಕನ ರಾಗವನ್ನು ಇಷ್ಟು ಹೊತ್ತು ತಡೆಹಿಡಿದದ್ದಕ್ಕೇ ಅದು ಬಂದಾಗ ಮೈ ಜುಮ್ಮೆನ್ನುತ್ತದೆ.

ಈ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತ್ತು. ವಿಲಿಯಮ್ಸ್ ಎರಡು ಬೇರೆ ಬೇರೆ ರಾಗ ಬರೆದು ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಕೇಳಿಸಿದರು. ಅವರಿಗೆ ಎರಡೂ ಇಷ್ಟವಾದವು. ಹಾಗಾಗಿ ಒಂದು ಮುಖ್ಯ ಭಾಗವಾಯಿತು, ಇನ್ನೊಂದು ನಡುವಿನ ಭಾಗವಾಯಿತು.

ರಾಗವನ್ನು ಸ್ವರದಲ್ಲಿ ಬರೆದುಕೊಳ್ಳಿ

ಸಿ ಮೇಜರ್ ಅಂದರೆ ಸ್ವರಗಳ ಮಟ್ಟಿಗೆ ನಮ್ಮ ಶಂಕರಾಭರಣ. ಸಿ ಯನ್ನು ಷಡ್ಜ ಅಂತ ಇಟ್ಟುಕೊಂಡರೆ ಮಾರ್ಚ್ ಹೀಗೆ ಹೋಗುತ್ತದೆ:

ಗ ಮ ಪ ಸ
ರಿ ಗ ಮ
ಪ ಧ ನಿ ಮ
ಧ ನಿ ಸ ರಿ ಗ

ಮೊದಲ ಸಾಲಿನ ಸ, ಮೂರನೆಯ ಸಾಲಿನ ಮ, ಕೊನೆಯ ಸಾಲಿನ ಸ ರಿ ಗ ತಾರ ಸ್ಥಾಯಿಯವು. ಮೊದಲ ಗ ಸ್ವಲ್ಪ ಉದ್ದ, ಅದರ ನಂತರದ ಮ ತೀರಾ ಚಿಕ್ಕದು. ಈ ಕುಂಟು ನಡೆಯೇ ಅದರ ಗುರುತು. ಗಮಕ ಬೇಡ, ಸುಮ್ನೆ ನೇರವಾಗಿ ಹಾಡಿ ನೋಡಿ.

ಗಮನಿಸಬೇಕಾದದ್ದು ಏನೆಂದರೆ, ಪ್ರತಿ ಸಾಲೂ ಅರ್ಧಕ್ಕೆ ನಿಂತಂತಿದೆ. ಎರಡನೆಯ ಸಾಲು ಮ ದಲ್ಲಿ ತೂಗಾಡುತ್ತದೆ. ಮೂರನೆಯದು ನಿ ಯಿಂದ ಮೇಲಿನ ಮ ಗೆ ಹಾರುತ್ತದೆ, ಅದು ಸಾಕಷ್ಟು ಎಡವಟ್ಟು ಜಿಗಿತ. ಹಾಗಾಗಿ ಈ ರಾಗವನ್ನು ತುಂಡು ಮಾಡಿದರೂ ಸಾಯುವುದಿಲ್ಲ. ಮೊದಲ ನಾಲ್ಕು ಸ್ವರ ಕೇಳಿಸಿದರೆ ಸಾಕು, ಯಾರ ರಾಗ ಅಂತ ಗೊತ್ತಾಗುತ್ತದೆ. ಗೇಮ್ ಸಂಯೋಜಕನಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಇಡೀ ಮಾರ್ಚನ್ನು ಬಚ್ಚಿಟ್ಟು, ಒಂದು ಫ್ರೆಂಚ್ ಹಾರ್ನ್‌ಗೆ ಆ ನಾಲ್ಕು ಸ್ವರವನ್ನು ನಿಧಾನವಾಗಿ ಕೊಟ್ಟರೆ ಒಂದು ಒಗಟು ಬಿಡಿಸಿದ ಖುಷಿಗೆ ಅಷ್ಟೇ ಸಾಕು.

ಆಟಗಾರ ಸುಮ್ಮನೆ ನಿಂತರೆ?

2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್' ಅನ್ನು ಸ್ವೀಡನ್ನಿನ ಮಷೀನ್‌ಗೇಮ್ಸ್ ತಯಾರಿಸಿತು. ಸಂಗೀತ ಗಾರ್ಡಿ ಹಾಬ್ ಅವರದು. ಕಥೆ ನಡೆಯುವುದು 1937ರಲ್ಲಿ, ಆದರೆ ಆಟ ಶುರುವಾಗುವುದು ಅದೇ ಪೆರುವಿನ ಗುಡಿಯಲ್ಲಿ. ಸಿನಿಮಾದ ದೃಶ್ಯವನ್ನೇ ಈಗ ನಾವು ಆಡಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಸಿನಿಮಾದಲ್ಲಿ ಹ್ಯಾರಿಸನ್ ಫೋರ್ಡ್ ವಿಗ್ರಹದ ಮುಂದೆ ಎಷ್ಟು ಸೆಕೆಂಡ್ ನಿಂತಿರುತ್ತಾರೆ ಅನ್ನುವುದು ಯಾವತ್ತೂ ಬದಲಾಗದು. ಗೇಮ್‌ನಲ್ಲಿ ಒಬ್ಬ ಎರಡು ಸೆಕೆಂಡಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಟೀ ತರಲು ಎದ್ದು ಹೋಗುತ್ತಾನೆ. ಸಂಗೀತ ಇಬ್ಬರಿಗೂ ಒಪ್ಪಬೇಕು.

ಇದಕ್ಕೆ ಉತ್ತರ ಹುಡುಕುವ ಕೆಲಸ 90ರ ದಶಕದ ಶುರುವಿನಲ್ಲೇ ನಡೆದಿತ್ತು. ಲ್ಯೂಕಾಸ್‌ಆರ್ಟ್ಸ್ ಗೇಮ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್, ಆಟಕ್ಕೆ ತಕ್ಕಂತೆ ಸಂಗೀತ ಬದಲಿಸುವ ಐಮ್ಯೂಸ್ ಅನ್ನುವ ವ್ಯವಸ್ಥೆ ಕಟ್ಟಿದರು. 1992ರ 'ಇಂಡಿಯಾನಾ ಜೋನ್ಸ್ ಅಂಡ್ ದ ಫೇಟ್ ಆಫ್ ಅಟ್ಲಾಂಟಿಸ್' ಗೇಮ್‌ನಲ್ಲಿ ಅದನ್ನೇ ಬಳಸಿದರು. ಆ ಕಾಲದ ಸಂಗೀತ ಮಿಡಿ ರೂಪದಲ್ಲಿತ್ತು. ಅಂದರೆ ಫೈಲ್‌ನಲ್ಲಿ ಧ್ವನಿ ಇರಲಿಲ್ಲ, ಯಾವ ಸ್ವರ ಯಾವಾಗ ಅನ್ನುವ ಸೂಚನೆ ಮಾತ್ರ ಇತ್ತು. ಹಾಗಾಗಿ ವೇಗ ಬದಲಿಸುವುದು, ವಾದ್ಯ ತೆಗೆಯುವುದು, ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವುದು ಎಲ್ಲ ಆಟ ನಡೆಯುತ್ತಿರುವಾಗಲೇ ಸಾಧ್ಯವಾಗುತ್ತಿತ್ತು. ಧ್ವನಿ ಮಾತ್ರ ಸೌಂಡ್ ಕಾರ್ಡ್‌ನ ಕೀರಲು ಧ್ವನಿ.

ಆಮೇಲೆ ನಿಜವಾದ ಆರ್ಕೆಸ್ಟ್ರಾ ಬಂತು. ಧ್ವನಿ ಭರ್ಜರಿ ಆಯಿತು, ಆದರೆ ರೆಕಾರ್ಡ್ ಆದದ್ದನ್ನು ಮಿಡಿಯಷ್ಟು ಸಲೀಸಾಗಿ ಬಗ್ಗಿಸಲು ಆಗುವುದಿಲ್ಲ. ಈಗ ಗೇಮ್‌ಗೆ ಧ್ವನಿ ಜೋಡಿಸುವ ವೈಸ್, ಎಫ್‌ಮಾಡ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಎರಡು ದಾರಿಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಒಂದು, ಪದರಗಳು. ಒಂದೇ ವೇಗ, ಒಂದೇ ಶ್ರುತಿಯಲ್ಲಿ ತಂತಿವಾದ್ಯ, ಹಿತ್ತಾಳೆ ವಾದ್ಯ, ತಾಳವಾದ್ಯಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತಾರೆ. ಇಂಡಿ ಕದ್ದು ನಡೆಯುವಾಗ ತಂತಿ ಮಾತ್ರ. ಕಾವಲುಗಾರನಿಗೆ ಅನುಮಾನ ಬಂದರೆ ತಾಳ ಸೇರುತ್ತದೆ. ಸಿಕ್ಕಿಬಿದ್ದರೆ ಹಿತ್ತಾಳೆ. ಇದರಲ್ಲಿ ಒಂದು ನಷ್ಟ ಇದೆ. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದರೆ ಒಬ್ಬರ ಧ್ವನಿ ಇನ್ನೊಬ್ಬರ ಮೈಕ್‌ಗೆ ಬಿದ್ದೇ ಬೀಳುತ್ತದೆ, ಆಮೇಲೆ ಬಿಡಿಸಲು ಆಗದು. ಅದಕ್ಕೇ ಒಂದೊಂದು ಗುಂಪು ಸರದಿಯಂತೆ ನುಡಿಸಬೇಕು. ಆಗ ಕೈಗೆ ಪದರಗಳು ಸಿಗುತ್ತವೆ, ಎಲ್ಲರೂ ಒಟ್ಟಿಗೆ ಉಸಿರೆಳೆದು ನುಡಿಸುವ ಸೊಗಸು ಹೋಗುತ್ತದೆ. ನನ್ನ ಕಿವಿಗೆ ಈ ಕೊರತೆ ಹಿತ್ತಾಳೆ ವಾದ್ಯಗಳಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಎರಡು, ತುಣುಕುಗಳು. ಕಾದಾಟಕ್ಕೆ ಒಂದು ತುಣುಕು, ಹುಡುಕಾಟಕ್ಕೆ ಒಂದು. ಅದರಿಂದ ಇದಕ್ಕೆ ಎಲ್ಲಿ ದಾಟಬಹುದು ಅಂತ ಮೊದಲೇ ಗುರುತು ಹಾಕಿರಬೇಕು. ತನಿ ಆವರ್ತನ ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ: ಲೆಕ್ಕ ಎಷ್ಟೇ ಸುತ್ತಾಡಿದರೂ ಕೊನೆಗೆ ಎಡುಪಿಗೆ (ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ) ಬಂದು ಬೀಳಲೇಬೇಕು, ಅಲ್ವಾ?

ಇಲ್ಲಿ ಸ್ವಲ್ಪ ಗಣಿತ. ನಿಮಿಷಕ್ಕೆ 120 ಪೆಟ್ಟು, ಆವರ್ತಕ್ಕೆ 4 ಪೆಟ್ಟು ಅಂದರೆ ಒಂದು ಆವರ್ತ 2 ಸೆಕೆಂಡ್. ಆವರ್ತದ ಮೊದಲಿಗೆ ಮಾತ್ರ ದಾಟಬಹುದು ಅಂತಿಟ್ಟರೆ ಹೆಚ್ಚೆಂದರೆ 2 ಸೆಕೆಂಡ್ ಕಾಯಬೇಕು. ಅದು ನಡೆಯುತ್ತದೆ. ಆದರೆ ಹುಡುಕಾಟದ ಸಂಗೀತ ನಿಧಾನ ಇರುತ್ತದೆ. ಪೆಟ್ಟು 60 ಆದರೆ ಆವರ್ತ 4 ಸೆಕೆಂಡ್. ಅಷ್ಟರಲ್ಲಿ ಆಟಗಾರ ನಾಲ್ಕು ಏಟು ತಿಂದಿರುತ್ತಾನೆ, ಹಿಂದೆ ಸಂಗೀತ ಇನ್ನೂ ಶಾಂತವಾಗಿರುತ್ತದೆ! ಈ ಸಂದು ಮುಚ್ಚಲು ಸ್ಟಿಂಗರ್ ಬಳಸುತ್ತಾರೆ. ಸಿಂಬಲ್ ಅನ್ನುವ ಕಂಚಿನ ತಟ್ಟೆಯ ಒಂದು ಪೆಟ್ಟು, ಹಾರ್ನ್‌ನ ಒಂದು ಕೂಗು, ತಕ್ಷಣ ಮೇಲೆ ಬೀಳುವ ಚಿಕ್ಕ ಧ್ವನಿ. ಅದರ ಮರೆಯಲ್ಲಿ ಕೆಳಗಿನ ಸಂಗೀತ ಬದಲಾಗುತ್ತದೆ.

ಲೂಪ್‌ಗೂ, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕಿಗೂ, ಒಂದು ಮಾತು. ಹಾಲ್‌ನಲ್ಲಿ ನುಡಿಸಿದ ಕೊನೆಯ ಸ್ವರ ಒಂದೆರಡು ಸೆಕೆಂಡ್ ಮೊಳಗುತ್ತಲೇ ಇರುತ್ತದೆ. ಆವರ್ತದ ಗೆರೆಗೆ ಸರಿಯಾಗಿ ಕತ್ತರಿಸಿದರೆ ಆ ಬಾಲ ಕತ್ತರಿಸಿಹೋಗಿ ಕಿವಿಗೆ ಹೊಡೆಯುತ್ತದೆ. ಬಾಲವನ್ನು ಉಳಿಸಿ, ಮುಂದಿನ ಸುತ್ತಿನ ಶುರುವಿನ ಮೇಲೆ ಹರಿಯಲು ಬಿಡಬೇಕು. ಇನ್ನೊಂದು, ಲೂಪ್‌ನ ಕೊನೆ ಷಡ್ಜಕ್ಕೆ ಬಂದು ನೆಮ್ಮದಿಯಾಗಿ ಕೂರಬಾರದು. ಕೂತರೆ ಮುಗಿಯಿತು ಅನ್ನಿಸುತ್ತದೆ, ಮತ್ತೆ ಶುರುವಾದಾಗ ಕಿರಿಕಿರಿ.

ಊರಿನ ಬಣ್ಣ

ಗ್ರೇಟ್ ಸರ್ಕಲ್ ವ್ಯಾಟಿಕನ್, ಗೀಝಾ, ಸುಖೋಥಾಯ್ ಎಲ್ಲ ಸುತ್ತುತ್ತದೆ. ಇಂಥ ಕಡೆ ಮರುಭೂಮಿ, ನಿಗೂಢ ಅಂದಕೂಡಲೇ ಹಾಲಿವುಡ್ ಡಬಲ್ ಹಾರ್ಮೋನಿಕ್ ಸ್ಕೇಲ್ ಕಡೆ ಕೈ ಚಾಚುವ ಹಳೆಯ ಅಭ್ಯಾಸ ಇದೆ. ಅದು ಸ್ವರಕ್ಕೆ ಸ್ವರ ನಮ್ಮ ಮಾಯಾಮಾಳವಗೌಳ. ಸರಳೆ ವರಸೆ ಕಲಿತ ಯಾವ ಮಗುವಿಗೂ ಅದರಲ್ಲಿ ನಿಗೂಢ ಏನೂ ಕಾಣದು. ಹಾಗಾಗಿ ಇಂಥ ಬಣ್ಣವನ್ನು ಎರಚುವ ಮೊದಲು ಅದು ಯಾರ ಕಿವಿಗೆ ಪರದೇಶಿ ಅಂತ ಒಮ್ಮೆ ಕೇಳಿಕೊಳ್ಳಿ.

ಹಾಬ್ ಈ ಸರಣಿಗೆ ಹೊಸಬರೇನಲ್ಲ. 2009ರ 'ಸ್ಟಾಫ್ ಆಫ್ ಕಿಂಗ್ಸ್' ಗೇಮ್‌ನಲ್ಲೂ ಕೆಲಸ ಮಾಡಿದ್ದರು. ಸ್ಟೀಫನ್ ಬಾರ್ಟನ್ ಜೊತೆ ಬರೆದ ಒಂದು ಸ್ಟಾರ್ ವಾರ್ಸ್ ಗೇಮ್‌ನ ಸಂಗೀತಕ್ಕೆ 2024ರಲ್ಲಿ ಗ್ರ್ಯಾಮಿಯೂ ಬಂತು. ಎರಡೂ ಲೋಕಗಳ ಮೂಲ ಸಂಗೀತ ವಿಲಿಯಮ್ಸ್ ಅವರದೇ ಅನ್ನುವುದು ನೆನಪಿರಲಿ.

ಮಾಡಿ ನೋಡಿ

ಎಂಟು ಆವರ್ತದ ಒಂದು ಹುಡುಕಾಟದ ಲೂಪ್ ಬರೆಯಿರಿ, ಪೆಟ್ಟು 80. ತಂತಿ, ಮರದ ಗಾಳಿವಾದ್ಯ, ತಾಳ ಅಂತ ಮೂರು ಪದರ ಇರಲಿ. ಯಾವ ಪದರ ತೆಗೆದರೂ ಉಳಿದದ್ದು ತಾನೇ ನಿಲ್ಲಬೇಕು. ನಿಮ್ಮದೇ ನಾಲ್ಕು ಸ್ವರದ ಗುರುತು ಒಂದನ್ನು ಕಟ್ಟಿ, ಆದರೆ ಲೂಪ್‌ನಲ್ಲಿ ಅದನ್ನು ಪೂರ್ತಿಯಾಗಿ ಎಲ್ಲೂ ನುಡಿಸಬೇಡಿ. ಅದನ್ನು ಸ್ಟಿಂಗರ್ ಆಗಿ ಮಾತ್ರ ಇಟ್ಟುಕೊಳ್ಳಿ. ಆಮೇಲೆ ಲೂಪನ್ನು ಹತ್ತು ನಿಮಿಷ ಓಡಲು ಬಿಟ್ಟು ಬೇರೆ ಕೆಲಸ ಮಾಡುತ್ತಾ ಕೇಳಿ. ಯಾವ ಜಾಗದಲ್ಲಿ ಸುತ್ತು ಮತ್ತೆ ಶುರುವಾಯಿತು ಅಂತ ಕಿವಿ ಎಚ್ಚರಿಸುತ್ತದೋ, ತಿದ್ದಬೇಕಾದದ್ದು ಆ ಆವರ್ತ.