ಮತ ಮೊದಲು, ಪ್ರಭುತ್ವ ಆಮೇಲೆ: ಪೂರ್ವ ತಿಮೋರ್ ನಡೆದು ಬಂದ ದಾರಿ

1999ರ ಆಗಸ್ಟ್ 30ರಂದು, ಆಗ ಇಂಡೊನೇಷ್ಯಾದ ಹಿಡಿತದಲ್ಲಿದ್ದ ಆಗ್ನೇಯ ಏಷ್ಯಾದ ಪೂರ್ವ ತಿಮೋರಿನ ಜನ ನಸುಕಿನಲ್ಲೇ ಮತಗಟ್ಟೆಗಳ ಮುಂದೆ ಸಾಲುಗಟ್ಟಿದರು. ನೋಂದಾಯಿತರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಇಂಡೊನೇಷ್ಯಾದೊಳಗಿನ ಸ್ವಾಯತ್ತತೆ ಸಾಲದು, ಬೇರೆ ದೇಶವೇ ಬೇಕು ಎಂದವರು ಶೇ 78.5. ಇಂಡೊನೇಷ್ಯಾ ಸೇನೆಯ ಬೆಂಬಲವಿದ್ದ ಸಶಸ್ತ್ರ ಗುಂಪುಗಳು ಇದಕ್ಕೆ ಸೇಡು ತೀರಿಸಿಕೊಂಡವು. ಶಾಲೆ, ಕಚೇರಿಗಳ ಜೊತೆ ಜಮೀನಿನ ದಾಖಲೆಗಳೂ ಬೂದಿಯಾದವು.

ಪೋರ್ಚುಗೀಸರು ಕೈಬಿಟ್ಟ ಈ ವಸಾಹತನ್ನು ಇಂಡೊನೇಷ್ಯಾ 1975ರ ಡಿಸೆಂಬರ್‌ನಲ್ಲಿ ಆಕ್ರಮಿಸಿ 24 ವರ್ಷ ಆಳಿತ್ತು. ಅದು ಹೊರಟ ಮೇಲೆ ವಿಶ್ವಸಂಸ್ಥೆಯೇ ಸರ್ಕಾರವಾಯಿತು: ಕಾನೂನು ಮಾಡುವ, ಆಡಳಿತ ನಡೆಸುವ ಅಧಿಕಾರವೆಲ್ಲ ಅದರ ಆಡಳಿತಾಧಿಕಾರಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಅವರ ಕೈಯಲ್ಲಿತ್ತು. 2001ರಲ್ಲಿ ಸಂವಿಧಾನ ಸಭೆಗೆ ನಡೆದ ಚುನಾವಣೆಯಲ್ಲಿ 88 ಸ್ಥಾನಗಳ ಪೈಕಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ಫ್ರೆಟಿಲಿನ್ ಪಕ್ಷ 55 ಗೆದ್ದಿತು. ಸಂವಿಧಾನ ರಚಿಸಿದ ಆ ಸಭೆ ಮತ್ತೆ ಜನರ ಬಳಿಗೆ ಹೋಗದೆ ತಾನೇ ಸಂಸತ್ತಾಯಿತು. ಸ್ವಾತಂತ್ರ್ಯದ ದಿನ, ಅಂದರೆ 2002ರ ಮೇ 20, ಹತ್ತಿರವಾಗಿದ್ದರಿಂದ ಹಾಗಾಯಿತೆನ್ನಬಹುದು. ಆದರೂ ಅದು ಅವಸರದ ಹೆಜ್ಜೆಯೇ.

ಭಾಷೆಯ ತೊಡಕು ಇನ್ನೂ ಸೂಕ್ಷ್ಮ. ಸ್ಥಳೀಯ ಭಾಷೆ ಟೆಟುಮ್ ಜೊತೆಗೆ ಪೋರ್ಚುಗೀಸ್ ಅಧಿಕೃತ ಭಾಷೆಯಾಯಿತು, ಆದರೆ ಓದು ಕಲಿತ ಯುವಕರಿಗೆ ಬರುತ್ತಿದ್ದುದು ಇಂಡೊನೇಷ್ಯಾದ ಭಾಷೆ. 2005ರ ಮೌಲ್ಯಮಾಪನ ಪರೀಕ್ಷೆಯಲ್ಲಿ ತಿಮೋರಿನ ನ್ಯಾಯಾಧೀಶರೆಲ್ಲರೂ ಅನುತ್ತೀರ್ಣರಾದರೆಂಬುದರ ಹಿಂದೆ ಈ ಸಂಗತಿಯೂ ಇದೆ.

ಬಿರುಕು ಬಾಯ್ಬಿಟ್ಟದ್ದು ಮಾತ್ರ ಸೇನೆಯಲ್ಲಿ. ಇಂಡೊನೇಷ್ಯಾ ವಿರುದ್ಧ ಹೋರಾಡಿದ್ದ ಗೆರಿಲ್ಲಾಗಳಿಂದ ಕಟ್ಟಿದ ಸೇನೆಯ ಮೇಲ್ದರ್ಜೆಯಲ್ಲಿ ಪೂರ್ವ ಜಿಲ್ಲೆಯವರದೇ ಮೇಲುಗೈ. ಪೊಲೀಸ್ ಪಡೆಯಲ್ಲಿ ಇಂಡೊನೇಷ್ಯಾದ ಕಾಲದಲ್ಲಿ ಪೊಲೀಸರಾಗಿದ್ದವರಿಗೂ ಜಾಗ ಸಿಕ್ಕಿತ್ತು. ಬಡ್ತಿಯಲ್ಲಿ ತಾರತಮ್ಯವಿದೆ ಎಂದು ದೂರಿದ ಪಶ್ಚಿಮದ ಸುಮಾರು 600 ಸೈನಿಕರನ್ನು 2006ರಲ್ಲಿ ವಜಾ ಮಾಡಿದಾಗ ಇಡೀ ಸೇನೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಒಮ್ಮೆಲೇ ಹೊರಬಿತ್ತು. ಆ ಬಿರುಕು ಸೇನೆ ಮತ್ತು ಪೊಲೀಸರ ನಡುವಿನ ಕಾಳಗಕ್ಕೆ ತಿರುಗಿತು. ಮೇ 25ರಂದು ರಾಜಧಾನಿ ದಿಲಿಯಲ್ಲಿ ಕದನವಿರಾಮಕ್ಕೊಪ್ಪಿ, ಆಯುಧ ಕೆಳಗಿಟ್ಟು, ವಿಶ್ವಸಂಸ್ಥೆಯ ಬೆಂಗಾವಲಿನಲ್ಲಿ ಹೊರಟಿದ್ದ ಪೊಲೀಸರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟರು, ಪ್ರಧಾನಿ ಮಾರಿ ಅಲ್ಕಾತಿರಿ ರಾಜೀನಾಮೆ ಕೊಟ್ಟರು.

ಆಶ್ಚರ್ಯವೆಂದರೆ ಮತಪೆಟ್ಟಿಗೆಯ ಮೇಲಿನ ನಂಬಿಕೆ ಅಳಿಯಲಿಲ್ಲ. 2007ರಲ್ಲಿ ಜನ ಮತ್ತೆ ಸಾಲಿನಲ್ಲಿ ನಿಂತರು, ಸರ್ಕಾರ ಬದಲಾಯಿತು, ಸ್ವಾತಂತ್ರ್ಯ ಹೋರಾಟದ ನಾಯಕ ಶನಾನಾ ಗುಸ್ಮಾವೊ ಪ್ರಧಾನಿಯಾದರು. ನಂತರದ ಸರ್ಕಾರಗಳು ನಿರಾಶ್ರಿತರಿಗೂ ಹಳೆಯ ಹೋರಾಟಗಾರರಿಗೂ ಹಂಚಿದ ಹಣದ ಮೂಲ ಸಮುದ್ರದಾಳದ ತೈಲ, ಅನಿಲ. ಆ ಆದಾಯವನ್ನು ಕೂಡಿಡಲು 2005ರಲ್ಲೇ ನಿಧಿಯೊಂದನ್ನು ಸ್ಥಾಪಿಸಲಾಗಿತ್ತು. ಅದಕ್ಕೆ ಹಣ ತುಂಬುತ್ತಿದ್ದ ಬಾಯು-ಉಂಡಾನ್ ನಿಕ್ಷೇಪ ಈಗ ಬತ್ತಿದೆ.